ಖಾಲಿ ವರ್ಗದ ಮುಂದೆ 1 ಎಂದು ಬರುವುದೇಕೆ?

ಪ್ರಶ್ನೆ: ನಮ್ಮ ಜಾಲತಾಣದ ವರ್ಗಗಳ ಮೆನುವನ್ನು ಡೇಟಾಬೇಸ್ ಕ್ವೆರಿಯಿಂದಲೇ ಮೂಡಿಸುತ್ತಿದ್ದೇವೆ. ಪ್ರತಿ ವರ್ಗದ ಮುಂದೆ ಲೇಖನಗಳ ಸಂಖ್ಯೆ ಬರಬೇಕು, ಖಾಲಿ ವರ್ಗ ಕಾಣಿಸಬಾರದು. ಆದರೆ ವರ್ಗಗಳ ಟೇಬಲ್ ಮತ್ತು ಲೇಖನಗಳ ಟೇಬಲ್ ಎರಡನ್ನೂ ಜೋಡಿಸಲು ಲೆಫ್ಟ್ ಜಾಯಿನ್ ಬಳಸಿದರೆ ಖಾಲಿ ವರ್ಗಕ್ಕೂ 1 ಎಂದು ಬರುತ್ತದೆ. ಎರಡೂ ಕಡೆ ಹೊಂದುವ ಸಾಲುಗಳನ್ನಷ್ಟೇ ಉಳಿಸುವ ಇನ್ನರ್ ಜಾಯಿನ್ ಬಳಸಿದರೆ ಕೆಲವು ಮುಖ್ಯ ವರ್ಗಗಳೇ ಮಾಯವಾಗುತ್ತವೆ. ಪರಿಹಾರವೇನು?

ಉತ್ತರ: ನೀವು ಎಣಿಸುವ ಫಂಕ್ಷನ್ ಆದ ಕೌಂಟ್‌ನ ಆವರಣದೊಳಗೆ ನಕ್ಷತ್ರ ಚಿಹ್ನೆ ಬರೆದಿರಬೇಕು. ಲೆಫ್ಟ್ ಜಾಯಿನ್ ಎಡಗಡೆಯ ಟೇಬಲ್‌ನ ಯಾವ ಸಾಲನ್ನೂ ಕೈಬಿಡುವುದಿಲ್ಲವಾದ್ದರಿಂದ, ಲೇಖನವಿಲ್ಲದ ವರ್ಗಕ್ಕೂ ಲೇಖನದ ಕಾಲಮ್‌ಗಳಲ್ಲಿ ನಲ್ (ಮೌಲ್ಯವಿಲ್ಲ ಎಂಬ ಗುರುತು) ತುಂಬಿದ ಒಂದು ಸಾಲನ್ನು ಕೊಡುತ್ತದೆ. ನಕ್ಷತ್ರ ಚಿಹ್ನೆಯು ಆ ಸಾಲನ್ನೂ ಎಣಿಸುತ್ತದೆ. ಅದರ ಬದಲು ಲೇಖನದ ಐಡಿ ಕಾಲಮ್ಮನ್ನು ಎಣಿಸಿದರೆ ನಲ್ ಲೆಕ್ಕಕ್ಕೆ ಬಾರದೆ ಸರಿಯಾಗಿ 0 ಸಿಗುತ್ತದೆ. ಪ್ರಕಟವಾದ ಲೇಖನಗಳು ಮಾತ್ರ ಬೇಕೆಂಬ ಷರತ್ತನ್ನು, ಜೋಡಿಸಿದ ಮೇಲೆ ಸಾಲುಗಳನ್ನು ಸೋಸುವ ವೇರ್‌ನಲ್ಲಿ ಹಾಕಬೇಡಿ, ಜೋಡಣೆಯ ನಿಯಮ ಹೇಳುವ ಆನ್ ಭಾಗದಲ್ಲಿ ಹಾಕಿ. ವೇರ್‌ನಲ್ಲಿ ಹಾಕಿದರೆ ನಲ್ ಇರುವ ಸಾಲುಗಳು ಉದುರಿಹೋಗಿ, ನಿಮ್ಮ ಲೆಫ್ಟ್ ಜಾಯಿನ್ ಹೆಸರಿಗಷ್ಟೇ ಉಳಿಯುತ್ತದೆ.

ಮುಖ್ಯ ವರ್ಗಗಳು ಮಾಯವಾಗುವ ಕಾರಣ ಬೇರೆ. ‘ವಿಜ್ಞಾನ’ದಲ್ಲಿ ನೇರವಾಗಿ ಒಂದೂ ಲೇಖನವಿಲ್ಲದೆ, ಅದರಡಿಯ ‘ಖಗೋಳ’ದಲ್ಲಿ 12 ಲೇಖನಗಳಿವೆ ಎನ್ನಿ. ಇನ್ನರ್ ಜಾಯಿನ್ ‘ವಿಜ್ಞಾನ’ವನ್ನು ಕಿತ್ತುಹಾಕುತ್ತದೆ, ‘ಖಗೋಳ’ಕ್ಕೆ ಮೆನುವಿನಲ್ಲಿ ನೆಲೆಯೇ ಇಲ್ಲದಂತಾಗುತ್ತದೆ. ಆದ್ದರಿಂದ ಯಾವ ವರ್ಗವನ್ನು ಮರೆಮಾಡಬೇಕೆಂಬುದನ್ನು ಕ್ವೆರಿಗೆ ಬಿಡದೆ, ಎಲ್ಲ ವರ್ಗಗಳನ್ನೂ ಎಣಿಕೆಯೊಡನೆ ಒಂದೇ ಕ್ವೆರಿಯಲ್ಲಿ ತಂದು, ಪೇರೆಂಟ್ ಐಡಿಯ (ಮೇಲಿನ ವರ್ಗದ ಐಡಿ) ಆಧಾರದಲ್ಲಿ ಪ್ರೋಗ್ರಾಮಿನೊಳಗೆ ವರ್ಗ-ಉಪವರ್ಗಗಳ ಮರವನ್ನು ಕಟ್ಟಿ, ಕೆಳಗಿನಿಂದ ಮೇಲಕ್ಕೆ ಸಂಖ್ಯೆಗಳನ್ನು ಕೂಡಿಸಿ, ಮೊತ್ತ 0 ಆದ ಕೊಂಬೆಯನ್ನು ಮಾತ್ರ ತೆಗೆಯಿರಿ. ಒಂದೇ ಲೇಖನವನ್ನು ಎರಡು ವರ್ಗಗಳಿಗೆ ಸೇರಿಸುವ ಪದ್ಧತಿ ನಿಮ್ಮಲ್ಲಿದ್ದರೆ ಈ ಬರಿಯ ಕೂಡಿಕೆ ಅದನ್ನು ಎರಡು ಬಾರಿ ಲೆಕ್ಕ ಹಾಕುತ್ತದೆ. ಆಗ ಪ್ರತಿ ಕೊಂಬೆಯಲ್ಲೂ ಲೇಖನಗಳ ಐಡಿಗಳನ್ನು ಒಟ್ಟುಗೂಡಿಸಿ, ಪುನರಾವರ್ತನೆ ತೆಗೆದು ಎಣಿಸಬೇಕಾಗುತ್ತದೆ.

ಮೈಎಸ್‌ಕ್ಯೂಎಲ್ 8.0 ಮತ್ತು ಪೋಸ್ಟ್‌ಗ್ರೆಎಸ್‌ಕ್ಯೂಎಲ್ 8.4ರಿಂದೀಚೆಗೆ ವಿತ್ ರಿಕರ್ಸಿವ್ (ತನ್ನ ಫಲಿತಾಂಶವನ್ನೇ ಮತ್ತೆ ಮತ್ತೆ ಬಳಸುವ ಕ್ವೆರಿ) ಮೂಲಕ ಮರವನ್ನು ಡೇಟಾಬೇಸ್‌ನಲ್ಲೇ ಇಳಿಯಬಹುದು. ಕೆಲವು ನೂರು ವರ್ಗಗಳ ಮೆನುವಿಗೆ ಅದು ಅಗತ್ಯವೆಂದು ನನಗನ್ನಿಸುವುದಿಲ್ಲ. ಪ್ರತಿ ಉಪವರ್ಗಕ್ಕೂ ಲೂಪಿನೊಳಗೆ ಹೊಸ ಕ್ವೆರಿ ಕಳುಹಿಸುವ ಅಭ್ಯಾಸವನ್ನಂತೂ ಬಿಡಲೇಬೇಕು.

ಮೆನು ಪ್ರತಿ ಪುಟದಲ್ಲೂ ಬರುವುದರಿಂದ ಸಿದ್ಧವಾದ ಮರವನ್ನು ತಾತ್ಕಾಲಿಕ ಸಂಗ್ರಹವಾದ ಕ್ಯಾಶ್‌ನಲ್ಲಿಡಿ. ಲೇಖನ ಪ್ರಕಟವಾದಾಗ, ಅಳಿಸಿದಾಗ ಮಾತ್ರವಲ್ಲದೆ, ಅದನ್ನು ಒಂದು ವರ್ಗದಿಂದ ಇನ್ನೊಂದಕ್ಕೆ ವರ್ಗಾಯಿಸಿದಾಗಲೂ ಕ್ಯಾಶ್ ತೆರವುಗೊಳಿಸುವಂತೆ ನೋಡಿಕೊಳ್ಳಿ.