‘ಕುಂಚಕ್ಕೆ ಸಂಕೋಲೆ’ ಲೇಖನದ ಬಗ್ಗೆ

ಮಾನ್ಯರೇ,

ವೆನಿಸ್ಸಿನ ಚಿತ್ರಕಾರ ಪಾವೊಲೊ ವೆರೊನೇಸೆಯನ್ನು ಕ್ರಿಸ್ತನ ಕಡೆಯ ಭೋಜನದ ಚಿತ್ರವೊಂದಕ್ಕಾಗಿ 1573ರಲ್ಲಿ ಕ್ಯಾಥೊಲಿಕ್ ಚರ್ಚಿನ ಧರ್ಮನ್ಯಾಯಮಂಡಳಿಯ (ಇನ್ಕ್ವಿಸಿಷನ್) ಮುಂದೆ ನಿಲ್ಲಿಸಿದ ಪ್ರಸಂಗ ಕುರಿತು ನೀವು ಕಳುಹಿಸಿದ ‘ಕುಂಚಕ್ಕೆ ಸಂಕೋಲೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ತಿದ್ದಿ ಬರೆಯುವಿರಾದರೆ ಮತ್ತೆ ಓದುತ್ತೇನೆ.

ಮೊದಲ ನಾಲ್ಕು ಪುಟಗಳ ಯುರೋಪಿನ ಚರಿತ್ರೆಯನ್ನು ತೆಗೆಯಿರಿ. ವೆನಿಸ್ ತಲಪುವಷ್ಟರಲ್ಲಿ ಓದುಗರು ದಣಿದಿರುತ್ತಾರೆ. ಚಿತ್ರವನ್ನು ಎರಡು ಕಡೆ ‘ಭಿತ್ತಿಚಿತ್ರ’ ಎಂದಿದ್ದೀರಿ. ಅದು ಡೊಮಿನಿಕನ್ ಮಠದ ಊಟದ ಮನೆಗೆಂದು ಬರೆದ, ಸುಮಾರು 13 ಮೀಟರ್ ಅಗಲದ ಕ್ಯಾನ್ವಾಸಿನ ಮೇಲಿನ ತೈಲಚಿತ್ರ. ಅಲ್ಲಿದ್ದ, ವೆನಿಸ್ಸಿನ ಇನ್ನೊಬ್ಬ ಚಿತ್ರಕಾರ ಟಿಷಿಯನ್ನನ ಕಡೆಯ ಭೋಜನದ ಚಿತ್ರ 1571ರಲ್ಲಿ ಬೆಂಕಿಗೆ ಆಹುತಿಯಾದ್ದರಿಂದಲೇ ಇದರ ಅಗತ್ಯ ಬಿದ್ದದ್ದು.

ನನ್ನ ಮುಖ್ಯ ತಕರಾರು ಬೇರೆ. ಮತಾಂಧ ನ್ಯಾಯಾಧೀಶರು, ಸ್ವತಂತ್ರ ಕಲಾವಿದ ಎಂಬ ಸಿದ್ಧ ಅಚ್ಚಿಗೆ ನೀವು ಎಲ್ಲವನ್ನೂ ಎರಕ ಹೊಯ್ದಿದ್ದೀರಿ. ಜುಲೈ 18ರ ವಿಚಾರಣೆಯ ಪ್ರಶ್ನೋತ್ತರ ಇಂದಿಗೂ ಉಳಿದಿದೆ. ಅಲ್ಲಿ ಕೇಳಿದ್ದು ತೀರ ನಿರ್ದಿಷ್ಟ ಪ್ರಶ್ನೆಗಳನ್ನು: ಮೂಗಿನಿಂದ ರಕ್ತ ಸೋರುತ್ತಿರುವ ಆಳು ಯಾರು, ಗಿಳಿ ಹಿಡಿದ ವಿದೂಷಕನಿಗೆ ಪ್ರಭುವಿನ ಪಂಕ್ತಿಯಲ್ಲಿ ಏನು ಕೆಲಸ, ಜರ್ಮನ್ ವೇಷದ ಆಯುಧಧಾರಿಗಳು ಏಕೆ? ಜರ್ಮನರೇ ಏಕೆ ಕಣ್ಣಿಗೆ ಚುಚ್ಚಿದರೆಂದರೆ, ಕ್ಯಾಥೊಲಿಕ್ ಚರ್ಚಿನ ವಿರುದ್ಧ ಬಂಡೆದ್ದ ಲೂಥರನ ಪಂಥ ಬೇರೂರಿದ್ದು ಜರ್ಮನಿಯಲ್ಲಿ. ಇಂಥ ಚಿತ್ರಗಳನ್ನು ಚರ್ಚಿನ ಅಣಕಕ್ಕೆ ಬಳಸುವುದೂ ಅಲ್ಲೇ ಎಂದು ಮಂಡಳಿ ಬಾಯಿಬಿಟ್ಟು ಹೇಳುತ್ತದೆ. ಪವಿತ್ರ ಚಿತ್ರಗಳಲ್ಲಿ ಅಸಂಗತವಾದದ್ದು ಇರಕೂಡದೆಂದು ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ 1563ರ ಡಿಸೆಂಬರಿನಲ್ಲಿ ವಿಧಿಸಿತ್ತು. ಇದಕ್ಕೆ ನೀವು ಒಂದೇ ಸಾಲು ಕೊಟ್ಟಿದ್ದೀರಿ.

ಮೈಕೆಲ್ಯಾಂಜೆಲೊ ರೋಮಿನ ಸಿಸ್ಟೀನ್ ಪ್ರಾರ್ಥನಾಲಯದ ‘ಅಂತಿಮ ತೀರ್ಪು’ ಚಿತ್ರದಲ್ಲಿ ನಗ್ನರನ್ನು ಬರೆದಿಲ್ಲವೇ ಎಂದು ವೆರೊನೇಸೆ ಕೇಳಿದ್ದನ್ನು ಉತ್ಸಾಹದಿಂದ ಉದ್ಧರಿಸಿದ್ದೀರಿ. ಅಂತಿಮ ತೀರ್ಪಿನ ದಿನ ಯಾರೂ ಬಟ್ಟೆ ತೊಟ್ಟಿರುವುದಿಲ್ಲ, ಅಲ್ಲಿ ನಾಯಿಗಳೂ ವಿದೂಷಕರೂ ಇಲ್ಲ ಎಂಬರ್ಥದ ಮಂಡಳಿಯ ಮರುತ್ತರವನ್ನು ಮಾತ್ರ ಬಿಟ್ಟಿದ್ದೀರಿ. ಅದು ದಡ್ಡರ ಉತ್ತರವಲ್ಲ. ಎದುರು ಪಕ್ಷದ ಒಳ್ಳೆಯ ವಾದವನ್ನು ಬಚ್ಚಿಡುವ ಲೇಖನದ ಉಳಿದ ಮಾತನ್ನು ನಂಬುವುದು ನನಗೆ ಕಷ್ಟ.

ಇನ್ನು ನಾಯಿಯ ವಿಷಯ. ಅದರ ಜಾಗದಲ್ಲಿ ಕ್ರಿಸ್ತನ ಶಿಷ್ಯೆ ಮಗ್ದಲದ ಮರಿಯಳನ್ನು ಬರೆಯುವಂತೆ ಮಠದ ಹಿರಿಯರು ಹೇಳಿದ್ದರೆಂಬ ಮಾತು ವಿಚಾರಣೆಯಲ್ಲೇ ಬರುತ್ತದೆ. ಮೂರು ತಿಂಗಳೊಳಗೆ ಸ್ವಂತ ಖರ್ಚಿನಲ್ಲಿ ಚಿತ್ರ ತಿದ್ದಬೇಕೆಂದು ತೀರ್ಪಾಯಿತು. ಆದರೆ ಈಗ ವೆನಿಸ್ಸಿನ ಅಕಾಡೆಮಿಯ ಗ್ಯಾಲರಿಯಲ್ಲಿರುವ ಚಿತ್ರದಲ್ಲಿ ನಾಯಿ ಮೇಜಿನ ಮುಂದೆಯೇ ಕೂತಿದೆ. ಬದಲಾದದ್ದು ಹೆಸರು: ‘ಕಡೆಯ ಭೋಜನ’ ಹೋಗಿ ‘ಲೇವಿಯ ಮನೆಯ ಔತಣ’ ಆಯಿತು. ಚಿತ್ರದೊಳಗಿನ ಕಟಕಟೆಯ ಮೇಲಿನ ಬರಹ ಲೂಕನ ಸುವಾರ್ತೆಯ 5ನೇ ಅಧ್ಯಾಯವನ್ನು ಹೆಸರಿಸುತ್ತದೆ. ಅಲ್ಲಿ ಸುಂಕ ವಸೂಲಿಯ ಲೇವಿ ತನ್ನ ಮನೆಯಲ್ಲಿ ಕ್ರಿಸ್ತನಿಗೆ ಔತಣವಿಡುತ್ತಾನೆ. ಸುಂಕದವರೊಂದಿಗೂ ಪಾಪಿಗಳೊಂದಿಗೂ ಕೂತು ಉಣ್ಣುವುದೇಕೆಂದು ಕಟ್ಟುನಿಟ್ಟಿನ ಯೆಹೂದ್ಯರಾದ ಫರಿಸಾಯರು ಗೊಣಗುತ್ತಾರೆ. ಆ ಮನೆಯಲ್ಲಿ ವಿದೂಷಕನಿಗೂ ಕುಡಿಯುವ ಸೈನಿಕನಿಗೂ ಜಾಗವಿದೆ. ಆಕ್ಷೇಪಿಸಿದವರು ತಾವಾಗಿಯೇ ಗೊಣಗುವವರ ಪಾಲಿಗೆ ಬೀಳುತ್ತಾರೆ. ನೀವು ಇದನ್ನು ‘ಹೆಸರು ಬದಲಿಸಿ ಪಾರಾದ’ ಎಂದು ಮೂರು ಪದದಲ್ಲಿ ಮುಗಿಸಿದ್ದೀರಿ. ನಿಮ್ಮ ಲೇಖನ ಇರಬೇಕಾದದ್ದೇ ಇಲ್ಲಿ.

ಚಿತ್ರದ ದೊಡ್ಡ ಪ್ರತಿಯೊಂದನ್ನು ಎದುರಿಗಿಟ್ಟುಕೊಂಡು ಆ ನಾಯಿಯಿಂದಲೇ ಶುರುಮಾಡಿ, ಎಂಟು ಪುಟ ಮೀರದಂತೆ ಬರೆದು ಕಳುಹಿಸಿ.

ಸಂಪಾದಕ