“ಒಂದೇ” ಅಂದರೆ ಎಷ್ಟು? ಕುಡಿತದ ಪ್ರಶ್ನಾವಳಿ ಕೈಕೊಟ್ಟ ಒಂದು ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 40ರ ಆಸುಪಾಸು, ಗಾರೆ ಕೆಲಸ. ತಾಲ್ಲೂಕು ಆಸ್ಪತ್ರೆಗೆ ಬಂದದ್ದು ಎದೆಯುರಿಗೆ. ನೋಡಿದರೆ ಬಿಪಿ 150/96. ಎಲ್ಲರಿಗೂ ಕೇಳುವ ಆಡಿಟ್-ಸಿಯ (ಕುಡಿತದ ಬಗೆಗಿನ ಹತ್ತು ಪ್ರಶ್ನೆಗಳ ‘ಆಡಿಟ್’ ಪ್ರಶ್ನಾವಳಿಯ ಚಿಕ್ಕ ರೂಪ) ಮೂರು ಪ್ರಶ್ನೆಗಳನ್ನು ಅವರಿಗೂ ಕೇಳಲಾಗಿತ್ತು. ಎಷ್ಟು ಸಲ ಕುಡಿಯುತ್ತೀರಿ? “ವಾರಕ್ಕೆ ಎರಡು ಮೂರು ದಿನ”: 3 ಅಂಕ. ಕುಡಿದ ದಿನ ಎಷ್ಟು? “ಒಂದೇ”: 0. ಒಂದೇ ಸಲಕ್ಕೆ ಆರು ಅಥವಾ ಹೆಚ್ಚು? “ಅಯ್ಯೋ, ಆರೆಲ್ಲಿ!”: 0. ಒಟ್ಟು 3. ಗಂಡಸರಿಗೆ 4, ಹೆಂಗಸರಿಗೆ 3 ಬಂದರೆ ಮುಂದೆ ವಿಚಾರಿಸಬೇಕು. ಒಂದಂಕ ಕಡಿಮೆಯಾಗಿ ಇವರು ತಪ್ಪಿಹೋಗುವವರಿದ್ದರು. ಬಿಪಿ ನೋಡಿ ಅನುಮಾನಪಟ್ಟ ವೈದ್ಯರು ನಮ್ಮ ಬಳಿ ಆಪ್ತಸಲಹೆಗೆ ಕಳಿಸಿದರು.

ಅವರು ಸುಳ್ಳು ಹೇಳಿರಲಿಲ್ಲ. ಅವರ “ಒಂದು” ಅಂದರೆ ಒಂದು ಕ್ವಾರ್ಟರ್. ಪ್ರಶ್ನಾವಳಿಯ “ಒಂದು” ಅಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ಶೇ 42.8ರ ವಿಸ್ಕಿ, ರಮ್ಮು, ಬ್ರಾಂದಿಯಲ್ಲಿ ಅದು ಸರಿಯಾಗಿ 30 ಎಂಎಲ್‌ನ ಒಂದು ಪೆಗ್. ಖಾಲಿ 180ರ ಬಾಟಲಿಗೆ ನೀರು ತುಂಬಿ, 30 ಎಂಎಲ್‌ನ ಔಷಧಿ ಕಪ್ಪಿಗೆ ಅವರ ಕೈಯಿಂದಲೇ ಸುರಿಸಿದೆವು. ಆರನೇ ಕಪ್ಪು ತುಂಬಿದಾಗ ಅವರು ಬಾಟಲಿಯನ್ನೇ ನೋಡುತ್ತಾ ಕೂತರು. 90ರ ಪ್ಯಾಕೆಟ್ ಅಂದರೆ 3, 650ರ ಸ್ಟ್ರಾಂಗ್ ಬಿಯರ್ ಅಂದರೆ ಸುಮಾರು 4. ಈ ಲೆಕ್ಕ ಕೇಳುವವರ ಮೇಜಿನ ಮೇಲೆ ಇಲ್ಲದಿದ್ದರೆ ಪ್ರಶ್ನೆ ಕೇಳಿಯೂ ಪ್ರಯೋಜನವಿಲ್ಲ. ಸರಿಪಡಿಸಿದಾಗ ಎಷ್ಟು ಸಲಕ್ಕೆ 3, ಕುಡಿದ ದಿನ ಆರಕ್ಕೆ 2, ವಾರವಾರವೂ ಒಂದೇ ಸಲಕ್ಕೆ ಆರಕ್ಕೆ 3: ಒಟ್ಟು 8.

ಇನ್ನೊಂದು ತಪ್ಪೂ ನಡೆದಿತ್ತು. ಮೊದಲ ಸಲ ಕೇಳುವಾಗ ಹೆಂಡತಿ ಪಕ್ಕದಲ್ಲೇ ಇದ್ದರು. ಪೂರ್ತಿ ಆಡಿಟ್‌ನ ಉಳಿದ ಏಳು ಪ್ರಶ್ನೆಗಳನ್ನು ಒಬ್ಬರನ್ನೇ ಕೂರಿಸಿ ಕೇಳಿದೆವು. “ಕುಡಿತದ ಚಟ ಇದೆಯಾ?” ಅಂದರೆ ಯಾರೂ ಹೌದು ಅನ್ನುವುದಿಲ್ಲ. ಊಟ, ನಿದ್ದೆ, ಬೀಡಿ ಆದಮೇಲೆ “ಕಳೆದ ಒಂದು ವರ್ಷದಲ್ಲಿ...” ಎಂದು ಶುರುಮಾಡಿದರೆ ಮಾತು ತಾನಾಗಿ ಬರುತ್ತದೆ. ಶುರುಮಾಡಿದರೆ ನಿಲ್ಲಿಸಲಾಗದ್ದು ತಿಂಗಳಿಗೊಮ್ಮೆ (2), ಕೆಲಸ ತಪ್ಪಿದ್ದು ಅಪರೂಪಕ್ಕೆ (1), ಬೆಳಿಗ್ಗೆ ಎದ್ದೊಡನೆ ಕುಡಿದದ್ದು ಇಲ್ಲವೇ ಇಲ್ಲ (0), ಪಶ್ಚಾತ್ತಾಪ ತಿಂಗಳಿಗೊಮ್ಮೆ (2), ರಾತ್ರಿಯದು ನೆನಪಿಲ್ಲದ್ದು ಅಪರೂಪಕ್ಕೆ (1), ಪೆಟ್ಟು ಇಲ್ಲ (0), ಮನೆಯವರು ಈ ವರ್ಷವೇ ಕಡಿಮೆ ಮಾಡಿ ಅಂದದ್ದು ಹೌದು (4). ಪೂರ್ತಿ ಆಡಿಟ್ 40ಕ್ಕೆ 18.

16ರಿಂದ 19 ಅಂದರೆ ಸಲಹೆ ಕೊಟ್ಟು, ಮತ್ತೆ ಮತ್ತೆ ಕರೆದು ನೋಡಬೇಕಾದ ಹಂತ. 20 ಅಥವಾ ಹೆಚ್ಚು ಬಂದರೆ ಅವಲಂಬನೆಯ ಶಂಕೆ. ಮನೋವೈದ್ಯರ ಬಳಿ ಕಳಿಸಬೇಕು. ಅಂಕಕ್ಕಿಂತ ಮುಖ್ಯವಾಗಿ ನಾವು ನೋಡಿದ್ದು ಬೆಳಗಿನ ಕುಡಿತದ ಆ ಸೊನ್ನೆಯನ್ನು. ದಿನಾ ಕುಡಿದು, ಬೆಳಿಗ್ಗೆ ಕೈನಡುಕಕ್ಕೆ ಮತ್ತೆ ಕುಡಿಯುವವರಿಗೆ “ಇವತ್ತಿಂದಲೇ ಬಿಡಿ” ಅನ್ನುವುದು ಅಪಾಯ. ಬಿಟ್ಟ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರನೇ ದಿನ ಸನ್ನಿ ಹಿಡಿಯಬಹುದು. ಅಂಥವರು ಔಷಧಿಯ ರಕ್ಷಣೆಯಲ್ಲೇ ಬಿಡಬೇಕು. ಇವರಿಗೆ ಎರಡು ಮೂರು ದಿನ ಕುಡಿಯದೆ ಇದ್ದರೂ ನಡುಕ, ಬೆವರು ಇರಲಿಲ್ಲ. ಮನೆಯಲ್ಲೇ ನಿಲ್ಲಿಸಬಹುದಿತ್ತು.

ಮೊದಲು ಅಂಕ ತೋರಿಸಿ, ಎದೆಯುರಿ, ಬಿಪಿಗೂ ಕುಡಿತಕ್ಕೂ ಇರುವ ನಂಟು ಹೇಳಿದೆವು. ಆಮೇಲೆ, ಬಿಡುವ ಮನಸ್ಸು 10ಕ್ಕೆ ಎಷ್ಟು ಎಂದು ಕೇಳಿದೆವು. “ನಾಲ್ಕು.” ಯಾಕೆ ಹತ್ತಲ್ಲ ಎಂದು ಕೇಳಿದರೆ ನೆಪಗಳು ಬರುತ್ತವೆ, ಯಾಕೆ ಒಂದಲ್ಲ ಎಂದು ಕೇಳಿದೆವು. ಮಗಳ ಎಸ್ಸೆಸ್ಸೆಲ್ಸಿ, ಸಾರುವೆ ಮೇಲೆ ನಿಂತಾಗ ತಲೆ ತಿರುಗಿದ್ದು, ಎರಡೂ ಅವರ ಬಾಯಿಂದಲೇ ಬಂದವು. ಕುಡಿಯುವುದು ಬಟವಾಡೆಯ ಶನಿವಾರ ಮತ್ತು ಕಾಂಕ್ರೀಟ್ ಹಾಕಿದ ದಿನ ಎಂದು ಗೊತ್ತಾದ ಮೇಲೆ ಸಲಹೆ ಅಲ್ಲಿಗೇ ಹೊಂದಿಸಿದ್ದು: ಕೂಲಿ ಹಣವನ್ನು ಮೇಸ್ತ್ರಿಯು ಇವರ ಹೆಂಡತಿಯ ಖಾತೆಗೇ ಹಾಕುವುದು, ಕೆಲಸ ಬಿಟ್ಟ ಕೂಡಲೇ ಹೊಟ್ಟೆತುಂಬ ಊಟ, ಕರೆದವರಿಗೆ “ಬಿಪಿ ಮಾತ್ರೆ ತಗೋತಿದ್ದೀನಿ” ಎಂಬ ಒಂದೇ ಉತ್ತರ. ಆಸೆ ತಡೆಯಲಾಗದ ರಾತ್ರಿಗೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ 14416 ಬರೆದುಕೊಟ್ಟೆವು.

ನಾಲ್ಕು ವಾರಕ್ಕೆ ಬಂದಾಗ ಆಡಿಟ್ ಮತ್ತೆ ಕೇಳಲಿಲ್ಲ. ಅದು ವರ್ಷದ ಲೆಕ್ಕ ಕೇಳುತ್ತದೆ, ತಿಂಗಳಲ್ಲಿ ಇಳಿಯುವುದಿಲ್ಲ. ಇಳಿಯದ ಅಂಕ ಕಂಡು ಜನ ಕೈಚೆಲ್ಲುತ್ತಾರೆ. ಬದಲಿಗೆ ಗೋಡೆಯ ಕ್ಯಾಲೆಂಡರಿನ ಹಾಳೆ ತರಲು ಹೇಳಿದ್ದೆವು. ಎರಡು ಶನಿವಾರಗಳ ಮೇಲೆ “90” ಎಂದು ಪೆನ್ಸಿಲಿನಲ್ಲಿ ಬರೆದಿತ್ತು, ಮಿಕ್ಕದ್ದೆಲ್ಲ ಖಾಲಿ. ಬಿಪಿ 138/88. ಆ ಎರಡು ಶನಿವಾರ ಯಾರ ಜೊತೆ ಇದ್ದಿರಿ ಎಂಬಲ್ಲಿಂದ ಎರಡನೇ ಮಾತುಕತೆ ಶುರುವಾಯಿತು.