ಕೇಳಿ ಕಲಿಯಿರಿ: ದಿನಕ್ಕೊಂದು ಗಂಟೆ ಇಟಾಲಿಯನ್

ಈ ಸಲದ ಪತ್ರಗಳಲ್ಲಿ ಇಟಾಲಿಯನ್ ಕಲಿಕೆಯ ಪ್ರಶ್ನೆಗಳೇ ಹೆಚ್ಚು, ಅದೂ ಉತ್ತರ ಕನ್ನಡದಿಂದ. ಇಟಾಲಿಯನ್ ಪದಗಳನ್ನು ಉಚ್ಚಾರಕ್ಕೆ ಹತ್ತಿರವಾಗುವಂತೆ ಕನ್ನಡದಲ್ಲೇ ಬರೆದಿದ್ದೇವೆ.

ಬಿ.ಎಸ್ಸಿ. ಮುಗಿದಿದೆ. ಎರಡು ವರ್ಷ ಬಿಟ್ಟು ಇಟಲಿಯಲ್ಲಿ ಇಟಾಲಿಯನ್ ಮಾಧ್ಯಮದಲ್ಲೇ ಮುಂದೆ ಓದಬೇಕೆಂದಿದ್ದೇನೆ. ದಿನಕ್ಕೆ ಒಂದು ಗಂಟೆ ಕೊಡಬಲ್ಲೆ. ಸಾಕೇ? ಆ ಗಂಟೆಯನ್ನು ಹೇಗೆ ಹಂಚಲಿ?
– ವಿದ್ಯಾರ್ಥಿನಿ, ಶಿರಸಿ

ಸಾಕು, ಆದರೆ ಸರಿಯಾಗಿ ಅಷ್ಟೇ. ಸೋರಿಹೋಗಲು ಬಿಟ್ಟರೆ ಸಾಲದು. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಯ ಹಳೆಯ ಲೆಕ್ಕದಲ್ಲಿ ಇಟಾಲಿಯನ್ 600ರಿಂದ 750 ತರಗತಿ ಗಂಟೆ ಬೇಡುವ ಭಾಷೆಗಳ ಗುಂಪಿನಲ್ಲಿತ್ತು. ಅದು ಇಂಗ್ಲಿಷ್ ಮಾತೃಭಾಷೆಯವರಿಗೆ, ಮೇಷ್ಟರ ಎದುರು ಕೂತು ಕಲಿಯುವವರಿಗೆ ಹಾಕಿದ ಲೆಕ್ಕ. ನಿಮ್ಮ ಎರಡು ವರ್ಷಕ್ಕೆ 730 ಗಂಟೆ ಸಿಗುತ್ತದೆ. ಇಟಾಲಿಯನ್ ಮಾಧ್ಯಮದ ಪದವಿಗೆ ಸಾಮಾನ್ಯವಾಗಿ ಕೇಳುವುದು ಬಿ2 ಮಟ್ಟ, ಅಂದರೆ ಯುರೋಪಿನ ಭಾಷಾ ಅಳತೆಯ ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದು. ಆ 730 ಗಂಟೆಯಲ್ಲಿ ಅದು ಕೈಗೆಟುಕುತ್ತದೆ.

ಗಂಟೆಯನ್ನು ಒಂದೇ ಪಟ್ಟಿಗೆ ಕೂತು ಮುಗಿಸಬೇಡಿ. ಬೆಳಿಗ್ಗೆ ಎದ್ದ ಕೂಡಲೇ 10 ನಿಮಿಷ ಪದಗಳ ಚೀಟಿ (ಮುಂಬದಿ ಇಟಾಲಿಯನ್, ಹಿಂಬದಿ ಅರ್ಥ). ಬಿಡುವಾದಾಗ 20 ನಿಮಿಷ ವ್ಯಾಕರಣ, ಒಂದು ದಿನಕ್ಕೆ ಒಂದೇ ವಿಷಯ, ಬರೆದು ಮಾಡುವ ಅಭ್ಯಾಸದೊಂದಿಗೆ. ಸಂಜೆ 15 ನಿಮಿಷ ಉಕ್ತಲೇಖನ, 15 ನಿಮಿಷ ಬಾಯಿಬಿಟ್ಟು ಮಾತಾಡುವ ಅಭ್ಯಾಸ. ಭಾನುವಾರ ಏಳು ಗಂಟೆ ಕೂತರೂ ವಾರದ ಲೆಕ್ಕ ತುಂಬುತ್ತದೆ ನಿಜ, ಆದರೆ ಸೋಮವಾರ ಮರೆತದ್ದನ್ನು ಮುಂದಿನ ಭಾನುವಾರ ಮತ್ತೆ ಮೊದಲಿನಿಂದ ಕಲಿಯುತ್ತೀರಿ.

ಚೀಟಿಗೆ, ಅವನ್ನು ಮರೆಯುವ ಹೊತ್ತಿಗೆ ಮತ್ತೆ ಮುಂದಿಡುವ ಆಂಕಿ ಆ್ಯಪ್ ಸಾಕು. ಆಂಡ್ರಾಯ್ಡ್ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಪುಕ್ಕಟೆ, ಐಫೋನಿಗೆ ಮಾತ್ರ ಹಣ. ದಿನಕ್ಕೆ 8 ಹೊಸ ಚೀಟಿ, ಮೇಲೆ ಬೇಡ. ಒಂದು ಹೊಸ ಚೀಟಿ ಮುಂದೆ ಏಳೆಂಟು ಬಾರಿ ಮರಳಿ ಬರುತ್ತದೆ. ಮೊದಲ ವಾರದ ಹುರುಪಿನಲ್ಲಿ ದಿನಕ್ಕೆ 30 ಹಾಕಿಕೊಂಡವರಿಗೆ ತಿಂಗಳು ಕಳೆಯುವಷ್ಟರಲ್ಲಿ ದಿನಕ್ಕೆ 200ರ ಮೇಲೆ ಪುನರಾವರ್ತನೆ ಬಂದು, ಆ್ಯಪ್ ತೆರೆಯುವುದಕ್ಕೇ ಹೆದರುತ್ತಾರೆ. ಬಿಡಿ ಪದ ಬರೆಯಬೇಡಿ, ಮೂರು ನಾಲ್ಕು ಪದದ ತುಣುಕು ಬರೆಯಿರಿ. ಹಿಂಬದಿಯ ಅರ್ಥ ಕನ್ನಡದಲ್ಲೇ ಇರಲಿ. ಇಂಗ್ಲಿಷ್ ದಾರಿಯಲ್ಲಿ ಹೋದರೆ ‘ಕಾಮೆರ’ ಕಂಡಾಗ ಫೋಟೋ ತೆಗೆಯುವ ಡಬ್ಬಿ ನೆನಪಾಗುತ್ತದೆ, ಅದು ಕೋಣೆ. ‘ಪರೆಂತಿ’ ಅಪ್ಪ ಅಮ್ಮ ಅಲ್ಲ, ನೆಂಟರು.

ಉಕ್ತಲೇಖನ ಹೀಗೆ: ಬರಹರೂಪವೂ ಜೊತೆಗಿರುವ ಧ್ವನಿಪಾಠದಿಂದ 30–40 ಸೆಕೆಂಡಿನ ತುಂಡು ಆರಿಸಿ. ಮೂರು ಸಲ ಕೇಳಿ, ನಾಲ್ಕನೆಯ ಸಲ ನಿಲ್ಲಿಸಿ ನಿಲ್ಲಿಸಿ ಬರೆಯಿರಿ, ಆಮೇಲೆ ಮೂಲದೊಂದಿಗೆ ಹೋಲಿಸಿ. ತಪ್ಪುಗಳನ್ನು ಮೂರು ಬಗೆಯಾಗಿ ಗುರುತು ಹಾಕಿ: ಒತ್ತಕ್ಷರ ತಪ್ಪಿದ್ದು, ನಾಮಪದದ ಮುಂದಿನ ಉಪಪದ (‘ಇಲ್’, ‘ಲ’ ಇಂಥವು, ಇಂಗ್ಲಿಷಿನ ‘ದ’ ಇದ್ದಂತೆ) ಕೇಳಿಸದೇ ಹೋದದ್ದು, ಎರಡು ಪದ ಕೂಡಿ ಒಂದಾಗಿ ಕೇಳಿದ್ದು. ಮೂರನೆಯದು ಕಡಿಮೆಯಾಗುತ್ತ ಬಂದರೆ ಕಿವಿ ತೆರೆಯುತ್ತಿದೆ ಎಂದರ್ಥ. ಶಿರಸಿಯ ಮಳೆಗಾಲದಲ್ಲಿ ಕರೆಂಟನ್ನೂ ನೆಟ್‌ವರ್ಕನ್ನೂ ನಂಬಿ ಕೂರಬೇಡಿ. ವಾರಕ್ಕಾಗುವಷ್ಟು ಧ್ವನಿಪಾಠವನ್ನು ಭಾನುವಾರವೇ ಇಳಿಸಿಟ್ಟುಕೊಳ್ಳಿ.

ಪರೀಕ್ಷೆಯ ಹೆಸರಿನಲ್ಲಿ ಎಡವಬೇಡಿ. ಪೆರೂಜದ ವಿದೇಶೀಯರ ವಿಶ್ವವಿದ್ಯಾಲಯ ನಡೆಸುವ ಚೆಲಿ ಪರೀಕ್ಷೆಯಲ್ಲಿ ಬಿ2 ಎಂದರೆ ‘ಚೆಲಿ 3’; ‘ಚೆಲಿ 2’ ಬರೀ ಬಿ1. ಸಿಯೆನಾದ ಚಿಲ್ಸ್ ಪರೀಕ್ಷೆಯಲ್ಲಿ ಬಿ2 ಎಂದರೆ ‘ಚಿಲ್ಸ್ ದುಎ’, ಅಂದರೆ ಎರಡು. ಚಿಲ್ಸ್‌ನಲ್ಲಿ ಐದು ವಿಭಾಗ, ಒಂದೊಂದಕ್ಕೆ 20 ಅಂಕ, ಪ್ರತಿಯೊಂದರಲ್ಲೂ 11 ಬರಲೇಬೇಕು. ಓದುವುದರಲ್ಲಿ 19 ತೆಗೆದು ಮಾತಿನಲ್ಲಿ 9 ತೆಗೆದರೆ ಪಾಸಿಲ್ಲ. ಬಾಯಿಯ ಆ 15 ನಿಮಿಷವನ್ನು ಬಿಡಬೇಡಿ ಎನ್ನುವುದು ಇದಕ್ಕೇ. ಇಟಲಿ ಸರ್ಕಾರದ ಸಂಸ್ಕೃತಿ ಕೇಂದ್ರ ನಮಗೆ ಹತ್ತಿರದ್ದು ಮುಂಬೈಯಲ್ಲಿದೆ. ಪರೀಕ್ಷೆಯ ವಿಚಾರಣೆಯನ್ನು ಅಲ್ಲಿಂದ ಶುರುಮಾಡಿ.

ಮುಂದಿನ ವರ್ಷ ರೋಮಿಗೆ ಅಧ್ಯಯನಕ್ಕೆ ಹೋಗಲಿದ್ದೇನೆ. ಓದಿದ್ದು ಅರ್ಥವಾಗುತ್ತದೆ. ಆದರೆ ಆನ್‌ಲೈನ್ ಪಾಠದಲ್ಲಿ ನಾನು ಹೇಳಿದ್ದನ್ನು ಶಿಕ್ಷಕಿ ಮತ್ತೆ ಮತ್ತೆ ಹೇಳಿಸುತ್ತಾರೆ. ಎಲ್ಲಿ ತಪ್ಪುತ್ತಿದೆ?
– ಧರ್ಮಭಗಿನಿ, ಹೊನ್ನಾವರ

ಸಿಸ್ಟರ್, ಕನ್ನಡದ ಬಾಯಿಗೆ ಇಟಾಲಿಯನ್ ಒಗ್ಗುತ್ತದೆ. ಕೆಡಿಸುವುದು ನಡುವೆ ಬಂದ ಇಂಗ್ಲಿಷ್.

ಮೊದಲನೆಯದು ಟ–ಡ. ಇಟಾಲಿಯನ್ನಿನಲ್ಲಿ ಇರುವುದು ನಮ್ಮ ತ ಮತ್ತು ದ. ಇಂಗ್ಲಿಷಿನ ಅಕ್ಷರ ಕಂಡ ತಕ್ಷಣ ನಾಲಗೆ ಮೇಲಕ್ಕೆ ಮಡಚಿ ‘ಟಿರಾಮಿಸು’, ‘ಸ್ಪಗೆಟಿ’ ಎನ್ನುತ್ತೇವೆ. ಅವು ‘ತಿರಾಮಿಸೂ’, ‘ಸ್ಪಗೆತ್ತಿ’.

ಎರಡನೆಯದು ಒತ್ತಕ್ಷರ. ಕತೆಗೂ ಕತ್ತೆಗೂ ಇರುವ ವ್ಯತ್ಯಾಸವನ್ನು ನಮಗೆ ಯಾರೂ ಕಲಿಸಬೇಕಿಲ್ಲ, ಇಟಾಲಿಯನ್ನಿನಲ್ಲೂ ಅದೇ. ಒಂಟಿ ವ್ಯಂಜನದ ಹಿಂದೆ, ದನಿ ಒತ್ತಿ ಹೇಳುವ ಸ್ವರ ಎಳೆಯುತ್ತದೆ. ಜೋಡಿ ವ್ಯಂಜನದ ಹಿಂದೆ ಗಿಡ್ಡವಾಗುತ್ತದೆ. ‘ಕಾಸ’ ಮನೆ, ‘ಕಸ್ಸ’ ಹಣ ಕಟ್ಟುವ ಕೌಂಟರು. ‘ನೋನೊ’ ಒಂಬತ್ತನೆಯದು, ‘ನೊನ್ನೊ’ ಅಜ್ಜ. ವಯಸ್ಸು ಹೇಳುವಾಗ ‘ಅನ್ನಿ’ ಎನ್ನುವಲ್ಲಿ ಒತ್ತಕ್ಷರ ಬಿಟ್ಟು ‘ಆನಿ’ ಎಂದರೆ ವರ್ಷದ ಬದಲು ದೇಹದ ಹಿಂಭಾಗದ ಅಂಗವೊಂದನ್ನು ಹೆಸರಿಸಿದಂತಾಗುತ್ತದೆ. ಶಿಕ್ಷಕಿ ಮತ್ತೆ ಹೇಳಿಸಿದ್ದು ಇದನ್ನೇ ಇದ್ದರೂ ಇರಬಹುದು!

ಕನ್ನಡದ್ದೇ ಆದ ತೊಡಕೂ ಎರಡುಂಟು. ಪದದ ಮೊದಲಿಗೆ ಬರುವ ಎಕಾರವನ್ನು ನಾವು ‘ಯೆ’ ಎಂದು, ಒಕಾರವನ್ನು ‘ವೊ’ ಎಂದು ಶುರುಮಾಡುತ್ತೇವೆ. ‘ಎ’ ಎಂದರೆ ‘ಇದೆ, ಇದ್ದಾಳೆ’. ಅದು ‘ಯೆ’ ಆಗಬಾರದು. ಎಂಟು ‘ಒತ್ತೊ’, ‘ವೊತ್ತೊ’ ಅಲ್ಲ. ಬಾಯಿ ತೆರೆದುಕೊಂಡು ತುಟಿ, ನಾಲಗೆ ಮೊದಲೇ ಜಾಗಕ್ಕೆ ತಂದು ಆಮೇಲೆ ದನಿ ಹೊರಡಿಸಿ. ಇನ್ನು ಫ: ಹಸಿವೆಗೆ ‘ಫಾಮೆ’ ಎನ್ನುವಾಗ ಎರಡು ತುಟಿ ಸೇರಿಸಿ ಫಲದ ಫ ಹೇಳಬೇಡಿ, ಕೆಳತುಟಿಗೆ ಮೇಲ್ಹಲ್ಲು ತಾಗಿಸಿ ಗಾಳಿ ಬಿಡಿ.

ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಮೊದಲ ಎರಡು ವಾರಕ್ಕೆ ಒಳ್ಳೆಯದು. ಅನಂತರ ಬಿಡಿ. ಪದದ ಯಾವ ಭಾಗಕ್ಕೆ ದನಿಯ ಒತ್ತು ಬೀಳುತ್ತದೆ ಎನ್ನುವುದನ್ನು ನಮ್ಮ ಲಿಪಿ ಸರಿಯಾಗಿ ತೋರಿಸದು, ಅಲ್ಲಿ ಅರ್ಥವೇ ತಿರುಗುತ್ತದೆ: ಮೊದಲ ಭಾಗಕ್ಕೆ ಒತ್ತು ಕೊಟ್ಟು ‘ಪಾರ್ಲೊ’ ಎಂದರೆ ‘ಮಾತಾಡುತ್ತೇನೆ’, ಕೊನೆಗೆ ಕೊಟ್ಟರೆ ‘ಮಾತಾಡಿದ’. ಸಾಮಾನ್ಯವಾಗಿ ಒತ್ತು ಕೊನೆಯಿಂದ ಎರಡನೆಯ ಭಾಗದ ಮೇಲೆ. ಹಾಗಲ್ಲದ ಪದಗಳಿಗೆ, ಉದಾಹರಣೆಗೆ ‘ತೆಲೇಫೊನೊ’, ಚೀಟಿಯಲ್ಲಿ ಆ ಸ್ವರದ ಕೆಳಗೆ ಕೆಂಪು ಚುಕ್ಕೆ ಇಡಿ.

ಅಂಕೋಲೆಯಲ್ಲಿ ಕಲಿಸುವವರು ಯಾರೂ ಇಲ್ಲ. ನಾವಿಬ್ಬರು ಗೆಳತಿಯರೇ ಸೇರಿ ಕಲಿತರೆ ತಪ್ಪನ್ನೇ ಗಟ್ಟಿ ಮಾಡಿಕೊಂಡಂತಾಗುವುದಿಲ್ಲವೇ?
– ಇಬ್ಬರು ಓದುಗರು, ಅಂಕೋಲಾ

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಪ್ರವಾಸಿ ಹೊನ್ನಾವರ, ಗೇರುಸೊಪ್ಪೆ ದಾಟಿ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಘಟ್ಟದ ಮೇಲಿನ ಹನುಮಂತನ ಗುಡಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ಕಂಡು ಇಟಾಲಿಯನ್ನಿನಲ್ಲಿ ಬರೆದಿಟ್ಟಿದ್ದಾನೆ. ಒಬ್ಬ ಪಾಠದ ಸಾಲನ್ನು ರಾಗವಾಗಿ ಹೇಳುತ್ತ ಅದನ್ನೇ ನೆಲದಲ್ಲಿ ಹರಡಿದ ನುಣುಪು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಿದ್ದ, ಉಳಿದವರು ಹಾಗೇ ಹೇಳಿ ಹಾಗೇ ಬರೆಯುತ್ತಿದ್ದರು. ಮೇಷ್ಟರು ಕೊಟ್ಟ ಪಾಠವನ್ನು ಮೇಷ್ಟರಿಲ್ಲದ ಹೊತ್ತಿನಲ್ಲಿ ತಾವೇ ಸೇರಿ ಗಟ್ಟಿ ಮಾಡಿಕೊಳ್ಳುತ್ತಿದ್ದರು.

ನೀವೂ ಹಾಗೇ ಮಾಡಬಹುದು, ಒಂದು ಷರತ್ತಿನ ಮೇಲೆ: ವಾಕ್ಯ ನಿಮ್ಮ ಸ್ವಂತದ್ದಾಗಿರಬಾರದು, ಇಟಲಿಯವರ ಧ್ವನಿಯಿರುವ ಪಾಠದ್ದಾಗಿರಬೇಕು. ಒಬ್ಬರು ಕೇಳಿ ಹೇಳಲಿ, ಇನ್ನೊಬ್ಬರು ಗಟ್ಟಿಯಾಗಿ ಹೇಳುತ್ತ ಬರೆಯಲಿ; ಹತ್ತು ವಾಕ್ಯಕ್ಕೊಮ್ಮೆ ಅದಲುಬದಲು. ಕೊನೆಗೆ ಮೂಲ ಧ್ವನಿ ಹಾಕಿ ತಾಳೆ ನೋಡಿ. ತಪ್ಪು ಗಟ್ಟಿಯಾಗುವುದು ಹೀಗೆ ತಾಳೆ ನೋಡದೆ ಮುಂದೆ ಹೋದಾಗ. ತಿಂಗಳಿಗೆ ಎರಡು ಸಲ ಅರ್ಧ ಗಂಟೆ ಇಟಲಿಯ ಯಾರಾದರೂ ಶಿಕ್ಷಕರನ್ನು ವಿಡಿಯೊ ಕರೆಯಲ್ಲಿ ಹಣ ಕೊಟ್ಟು ಹಿಡಿಯಿರಿ, ಖರ್ಚನ್ನು ಇಬ್ಬರೂ ಹಂಚಿಕೊಳ್ಳಿ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ, ಉಳಿದ ತಿಂಗಳು ನಾಲ್ಕೂವರೆ. ಗಡಿಯಾರ ಬದಲಾಗುವ ವಾರದಲ್ಲಿ ಪಾಠ ತಪ್ಪಿಸಿಕೊಳ್ಳುವವರು ಬಹಳ.

ಮೇಜು ಹೆಣ್ಣೋ ಗಂಡೋ ಎಂದು ಬಾಯಿಪಾಠ ಮಾಡುವುದೊಂದೇ ದಾರಿಯೇ?
– ಓದುಗ, ಕುಮಟಾ

ಮನೆಮಾತು ಕೊಂಕಣಿಯಾದರೆ ಈ ಪ್ರಶ್ನೆಯೇ ಏಳುವುದಿಲ್ಲ. ಇಟಾಲಿಯನ್ನಿನಂತೆ ಅಲ್ಲೂ ಜಡವಸ್ತುವಿಗೆ ಲಿಂಗವುಂಟು. ಹವ್ಯಕರಾದರೆ ಇನ್ನೂ ಸುಲಭ ಎಂದೇ ಹೇಳಬೇಕು. ಹೆಂಗಸರನ್ನು ‘ಅದು ಬಂತು’ ಎನ್ನುವ ಮನೆಯವರಿಗೆ, ವ್ಯಾಕರಣದ ಲಿಂಗ ಬೇರೆ ಮನುಷ್ಯರ ಲಿಂಗ ಬೇರೆ ಎಂದು ಬಿಡಿಸಿ ಹೇಳಬೇಕೇ? ಇಟಾಲಿಯನ್ನಿನಲ್ಲಿ ಕಾವಲುಗಾರ ಮೀಸೆ ಹೊತ್ತ ಗಂಡಸಾದರೂ ‘ಲ ಗ್ವಾರ್ದ್ಯ’, ಸ್ತ್ರೀಲಿಂಗ.

ಒಕಾರಾಂತ ಹೆಚ್ಚಾಗಿ ಪುಲ್ಲಿಂಗ, ಅಕಾರಾಂತ ಹೆಚ್ಚಾಗಿ ಸ್ತ್ರೀಲಿಂಗ. ‘ಲ ಮಾನೊ’ (ಕೈ), ‘ಇಲ್ ಪ್ರೊಬ್ಲೇಮ’ ಇಂಥ ತಿರುಗುಮುರುಗುಗಳು ದಿನಬಳಕೆಯಲ್ಲಿ ಒಂದು ಪುಟ ಮೀರವು. ಪೇಚು ಎಕಾರಾಂತದ್ದು: ‘ಇಲ್ ಮಾರೆ’ ಸಮುದ್ರ, ಪುಲ್ಲಿಂಗ, ‘ಲ ನೊತ್ತೆ’ ರಾತ್ರಿ, ಸ್ತ್ರೀಲಿಂಗ. ಪೋರ್ಚುಗೀಸರಿಂದ ನಮಗೆ ಬಂದ ಚಾವಿ ಮತ್ತು (ಪಾವ್‌ಭಾಜಿಯ) ಪಾವಿನ ನೆಂಟರು ಇಲ್ಲೂ ಇದ್ದಾರೆ: ‘ಲ ಕ್ಯಾವೆ’ ಸ್ತ್ರೀಲಿಂಗ, ‘ಇಲ್ ಪಾನೆ’ ಪುಲ್ಲಿಂಗ. ಪದವನ್ನು ಉಪಪದದೊಂದಿಗೇ ಬರೆದು, ಪುಲ್ಲಿಂಗಕ್ಕೆ ನೀಲಿ ಶಾಯಿ, ಸ್ತ್ರೀಲಿಂಗಕ್ಕೆ ಹಸಿರು ಶಾಯಿ ಬಳಸಿ. ಮೇಜು ‘ಇಲ್ ತಾವೊಲೊ’, ಪುಲ್ಲಿಂಗ.

ಪ್ರಯಾಣಿಕ ಹಡಗಿನ ಅಡುಗೆಮನೆಯಲ್ಲಿ ಕೆಲಸ. ಪಾಳಿ ಮುಗಿದರೆ ಕಣ್ಣು ಬಿಡಲಾಗದು. ಎರಡು ತಿಂಗಳು ಬಿಟ್ಟು ಆಂಕಿ ತೆರೆದರೆ 900 ಚೀಟಿ ಬಾಕಿ. ಅಳಿಸಿ ಮೊದಲಿನಿಂದ ಶುರುಮಾಡಲೇ?
– ಕಾರವಾರ

ಅಳಿಸಬೇಡಿ. ಆ 900ರಲ್ಲಿ ಅರ್ಧದಷ್ಟು ಇನ್ನೂ ನೆನಪಿನಲ್ಲಿರುತ್ತವೆ. ಹೊಸ ಚೀಟಿಯ ಸಂಖ್ಯೆಯನ್ನು ಸೊನ್ನೆ ಮಾಡಿ, ಪುನರಾವರ್ತನೆಯ ಮಿತಿಯನ್ನು ದಿನಕ್ಕೆ 80ಕ್ಕೆ ಇಳಿಸಿ. 80ರಂತೆ ಲೆಕ್ಕ ಹಾಕಿದರೆ ಹನ್ನೆರಡು ದಿನ. ಮರೆತದ್ದು ಮತ್ತೆ ಬರುವುದರಿಂದ ಮೂರು ವಾರ ಹಿಡಿಯಿರಿ. ಬಾಕಿ ಮುಗಿದ ಮೇಲೆ ಹೊಸದು ದಿನಕ್ಕೆ ಮೂರೇ ಮೂರು.

ಹಡಗಿನ ದಿನಗಳಿಗೆ ಬೇರೆಯೇ ಅಳತೆ ಬೇಕು: 12 ನಿಮಿಷ. ಪಾಳಿಗೆ ಹೋಗುವ ಮೊದಲು 8 ನಿಮಿಷ ಚೀಟಿ, ಸ್ನಾನದ ಹೊತ್ತಿನಲ್ಲಿ 4 ನಿಮಿಷ ಬಾಯಿಪಾಠದ ವಾಕ್ಯ. ಮಲಗುವ ಮುನ್ನ ಎಂದು ಇಟ್ಟುಕೊಂಡರೆ ಅದು ಆಗುವುದಿಲ್ಲ. ಆಂಕಿಗೆ ನೆಟ್ ಬೇಡ, ಬಂದರಿನಲ್ಲಿ ನೆಟ್ ಸಿಕ್ಕಾಗ ಸಿಂಕ್ ಮಾಡಿದರಾಯಿತು. ಜೆನೋವ, ನಾಪೊಲಿಯಂಥ ಬಂದರಿನಲ್ಲಿ ಇಳಿಯುವ ದಿನ ಮೂರು ವಾಕ್ಯ ತಯಾರಿಟ್ಟುಕೊಂಡು, ಮೂರನ್ನೂ ಯಾರಿಗಾದರೂ ಹೇಳದೆ ಹಡಗು ಹತ್ತಬೇಡಿ. ನಾಪೊಲಿಯ ಜನ ತಮ್ಮತಮ್ಮಲ್ಲಿ ಆಡುವುದು ಅರ್ಥವಾಗದಿದ್ದರೆ ಧೈರ್ಯಗೆಡುವುದು ಬೇಡ, ಅದು ಅಲ್ಲಿಯದೇ ನುಡಿ.

ಗೋಕರ್ಣದಲ್ಲಿ ಪುಟ್ಟ ಕೆಫೆ. ಪೂರ್ತಿ ಭಾಷೆ ಬೇಡ, ಇಟಲಿಯ ಗಿರಾಕಿಗಳ ಜೊತೆ ಎಡವಟ್ಟಾಗದಷ್ಟು ಸಾಕು.
– ಗೋಕರ್ಣ

‘ಕಾಲ್ದೊ’ ಅಂದರೆ ಬಿಸಿ, ತಣ್ಣಗಲ್ಲ. ಬರೀ ‘ಲತ್ತೆ’ ಕೇಳಿದರೆ ಹಾಲು ಕೊಡಿ, ಕಾಫಿ ಅಲ್ಲ. ‘ಬುರ್ರೊ’ ಬೆಣ್ಣೆ. ‘ಪೆಪೆರೋನಿ’ ದೊಣ್ಣೆಮೆಣಸು, ‘ಪೇಪೆ’ ಕಾಳುಮೆಣಸು, ‘ಪೆಪೆರೊಂಚೀನೊ’ ನಮ್ಮ ಮೆಣಸಿನಕಾಯಿ. ಬಿಲ್ಲಿನಲ್ಲಿ 60 ‘ಸೆಸ್ಸಾಂತ’, 70 ‘ಸೆತ್ತಾಂತ’. ಇವೆರಡು ಅದಲುಬದಲಾಗುವುದೇ ಹೆಚ್ಚು, ಬರೆದು ತೋರಿಸಿ.

ಒಂದೂವರೆ ವರ್ಷವಾಯಿತು. ವಾರ್ತೆ ಅರ್ಥವಾಗುತ್ತದೆ, ಮಾತು ಮಾತ್ರ ನಿಂತಲ್ಲೇ ನಿಂತಿದೆ.
– ಶಿಕ್ಷಕ, ಯಲ್ಲಾಪುರ

ನೀವು ಕಳಿಸಿದ ಬರಹದ ಹಾಳೆ ನೋಡಿದೆವು. ಭೂತಕಾಲವನ್ನು ಇಂಗ್ಲಿಷಿನಿಂದ ತಿರುಗಿಸುತ್ತಿದ್ದೀರಿ. ಬೇಡ. ‘ಗೊತ್ತಿತ್ತು’ ಎಂಬಲ್ಲಿ ‘ಸಪೇವೊ’, ‘ಗೊತ್ತಾಯಿತು’ ಎಂಬಲ್ಲಿ ‘ಒ ಸಪೂತೊ’. ‘ಮಾಡುತ್ತಿದ್ದೆ’ಗೆ ‘ಫಚೇವೊ’, ‘ಮಾಡಿದೆ’ಗೆ ‘ಒ ಫತ್ತೊ’. ಹೆಚ್ಚಿನ ಕಡೆ ಕನ್ನಡದ ಕಿವಿಯೇ ಸರಿಯಾದದ್ದನ್ನು ಆರಿಸಿಕೊಡುತ್ತದೆ. ‘ಮಿ ಪ್ಯಾಚೆ’ಯೂ ಅಷ್ಟೆ, ‘ನನಗೆ ಇಷ್ಟ’ದ ಅಚ್ಚು.

ಕನ್ನಡ ಕೈಕೊಡುವುದು ಕರ್ಮಪದದಲ್ಲಿ. ‘ಸಿನಿಮಾ ನೋಡಿದೆಯಾ?’ ಎಂದರೆ ನಾವು ‘ನೋಡಿದೆ’ ಎಂದು ಮುಗಿಸುತ್ತೇವೆ. ಇಟಾಲಿಯನ್ನಿನಲ್ಲಿ ‘ಅದನ್ನು’ ಬೇಕೇ ಬೇಕು: ‘ಲೊ ವಿಸ್ತೊ’. ‘ಎರಡು ಬೇಕು’ ಎನ್ನಲು ‘ವೊಲ್ಯೊ ದುಎ’ ಸಾಲದು, ‘ಅದರಲ್ಲಿ’ ಎಂಬ ‘ನೆ’ ಸೇರಿ ‘ನೆ ವೊಲ್ಯೊ ದುಎ’. ನಿಮ್ಮ ಹಾಳೆಯ 14 ತಪ್ಪುಗಳಲ್ಲಿ 9 ಇದೇ. ಮೂರು ವಾರ ಹೊಸ ಪದ, ಹೊಸ ಪಾಠ ಎರಡನ್ನೂ ನಿಲ್ಲಿಸಿ. ದಿನಕ್ಕೆ 20 ಪ್ರಶ್ನೆ ಬರೆದು ನಿಮ್ಮ ದನಿಯಲ್ಲೇ ಫೋನಿನಲ್ಲಿ ಧ್ವನಿಮುದ್ರಿಸಿ, ಒಂದೊಂದರ ನಂತರ ನಾಲ್ಕು ಸೆಕೆಂಡು ಖಾಲಿ ಬಿಡಿ. ಮರುದಿನ ಅದನ್ನು ಹಾಕಿ ಆ ಖಾಲಿಯಲ್ಲಿ ‘ಲೊ, ಲ, ಲಿ, ಲೆ’ (ಅದನ್ನು, ಅವನ್ನು) ಮತ್ತು ‘ನೆ’ ಇವುಗಳಲ್ಲಿ ಒಂದನ್ನು ಸೇರಿಸಿ ಉತ್ತರ ಹೇಳಿ. ನಾಲ್ಕು ಸೆಕೆಂಡಿನಲ್ಲಿ ಬಂದವನ್ನು ತೆಗೆದುಹಾಕಿ, ಬಾರದವನ್ನು ಮರುದಿನಕ್ಕೆ ಉಳಿಸಿಕೊಳ್ಳಿ. ಮೂರನೆಯ ವಾರದ ಹಾಳೆಯನ್ನು ನಮಗೆ ಕಳಿಸಿ.